ಬಿದ್ದು ಭುಜಕ್ಕೆ ಪೆಟ್ಟಾದರೆ: ಮೊದಲ ಗಂಟೆಯಿಂದ ಆಪರೇಷನ್ ನಿರ್ಧಾರದವರೆಗೆ

ಸ್ಕೂಟರ್ ಜಾರಿಯೋ, ಬಚ್ಚಲಲ್ಲಿ ಕಾಲು ತಪ್ಪಿಯೋ, ತೋಟದ ಪಾಚಿಗಟ್ಟಿದ ಕಾಲುಹಾದಿಯಲ್ಲೋ ಕೈಯೂರಿ ಬೀಳುತ್ತೇವೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು "ಮೂಳೆ ಮುರಿದಿಲ್ಲ, ಹದಿನೈದು ದಿನ ಮಾತ್ರೆ ತಗೊಳ್ಳಿ" ಎನ್ನುತ್ತಾರೆ. ಮನೆಯವರಿಗೆಲ್ಲ ನಿರಾಳ. ಮೂರು ತಿಂಗಳಾದರೂ ಆ ಕೈಯಲ್ಲಿ ತಲೆ ಬಾಚಲಾಗುವುದಿಲ್ಲ, ಬಸ್ಸಿನ ಕಂಬಿ ಹಿಡಿಯಲಾಗುವುದಿಲ್ಲ. ಆಗ ತೆಗೆಸಿದ ಎಂಆರ್‌ಐಯಲ್ಲಿ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಹಿಡಿಸುವ ಹುರಿ) ಹರಿದಿರುವುದು ಕಾಣುತ್ತದೆ. ಅಷ್ಟರಲ್ಲಿ ಅದನ್ನು ಹೊಲಿಯಲು ಒಳ್ಳೆಯ ಸಮಯ ಕಳೆದಿರುತ್ತದೆ.

ಇದರ ತಿರುಗುಮುರುಗು ತಪ್ಪೂ ಅಷ್ಟೇ ಸಾಮಾನ್ಯ. ಬೀಳದೆ, ಪೆಟ್ಟಾಗದೆ, ಅರವತ್ತು ದಾಟಿದವರಿಗೆ ಭುಜ ನೋಯುತ್ತದೆ. ಎಂಆರ್‌ಐಯಲ್ಲಿ 'ಟೇರ್' (ಹರಿತ, ಅಂದರೆ ರಜ್ಜು ಹರಿದಿರುವುದು) ಎಂಬ ಪದ ಕಂಡ ಕೂಡಲೇ ಗಾಬರಿಯಿಂದ ಆಪರೇಷನ್‌ಗೆ ಒಪ್ಪಿಬಿಡುತ್ತಾರೆ. ಆ ವಯಸ್ಸಿನಲ್ಲಿ ನೋವೇ ಇಲ್ಲದ ಎಷ್ಟೋ ಭುಜಗಳಲ್ಲೂ ಹರಿತ ಇರುತ್ತದೆ, ತಲೆಗೂದಲು ನರೆಯುವ ಹಾಗೆ.

ಹೇಗೆ ಪೆಟ್ಟಾಯಿತು, ವಯಸ್ಸೆಷ್ಟು, ಕೈ ಈಗ ಎಷ್ಟು ಏಳುತ್ತದೆ: ಚಿಕಿತ್ಸೆಯನ್ನು ಮೊದಲು ನಿರ್ಧರಿಸಬೇಕಾದ್ದು ಈ ಮೂರು. ಸ್ಕ್ಯಾನ್ ವರದಿ ಬರುವುದು ಇವುಗಳ ನಂತರ.

ಮೊದಲ ಒಂದು ಗಂಟೆ

ಪೆಟ್ಟಾದ ಕೈಯ ಬಳೆ, ಉಂಗುರ, ವಾಚು ಕೂಡಲೇ ತೆಗೆಯಿರಿ. ಬೆರಳು ಊದಿದ ಮೇಲೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಮೊಣಕೈ ಮಡಿಸಿ, ಮುಂಗೈಯನ್ನು ಹೊಟ್ಟೆಗೆ ಒರಗಿಸಿ, ದುಪಟ್ಟಾ ಅಥವಾ ದೊಡ್ಡ ಟವೆಲನ್ನು ಕೊರಳಿಂದ ಇಳಿಬಿಟ್ಟು ತೂಗುಪಟ್ಟಿ ಮಾಡಿ. ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಲಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಮೊದಲ ಎರಡು ದಿನ ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಈ ಎರಡು ದಿನ ಬಿಸಿ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿದ್ದರೆ ಎರಡೂ ಅದನ್ನು ಹೆಚ್ಚಿಸುತ್ತವೆ.

ಭುಜದ ಆಕಾರ ಬದಲಾಗಿದ್ದರೆ ಆಸ್ಪತ್ರೆ ಮುಟ್ಟುವವರೆಗೆ ಊಟ, ಕಾಫಿ ಕೊಡಬೇಡಿ. ಕೀಲು ಕೂರಿಸಲು ಅರಿವಳಿಕೆ ಮದ್ದು ಕೊಡಬೇಕಾಗಬಹುದು. ಹೊಟ್ಟೆ ತುಂಬಿದ್ದರೆ ಅದು ತಡವಾಗುತ್ತದೆ.

ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕಾದ ಲಕ್ಷಣಗಳು

- ಭುಜದ ಹೊರಗಿನ ದುಂಡು ಮಾಯವಾಗಿ ಚಪ್ಪಟೆಯಾಗಿದೆ, ಮುಂದೆ ಉಬ್ಬು ಕಾಣುತ್ತದೆ.
- ಕೊರಳೆಲುಬಿನ ಚೂಪು ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿದೆ, ಅಥವಾ ಅಲ್ಲಿ ಗಾಯವಾಗಿದೆ.
- ಅಂಗೈ ತಣ್ಣಗೆ, ಬಿಳಿಚಿ ಅಥವಾ ನೀಲಿಯಾಗಿದೆ. ಮಣಿಕಟ್ಟು ಮೇಲೆತ್ತಲಾಗುವುದಿಲ್ಲ.
- ರಟ್ಟೆಯ ಹೊರಮೈಯಲ್ಲಿ, ಪೊಲೀಸರ ತೋಳಪಟ್ಟಿ ಕೂರುವ ಜಾಗದಲ್ಲಿ, ಸ್ಪರ್ಶ ತಿಳಿಯುತ್ತಿಲ್ಲ.
- ಫಿಟ್ಸ್ ಬಂದ ಮೇಲೆ ಅಥವಾ ಕರೆಂಟ್ ಹೊಡೆದ ಮೇಲೆ ಕೈ ಹೊರಕ್ಕೆ ತಿರುಗುತ್ತಿಲ್ಲ.
- ಭುಜ ಬಿಸಿಯಾಗಿ ಊದಿದೆ, ಜೊತೆಗೆ ಜ್ವರ.

ಬಿದ್ದ ನೆನಪೇ ಇಲ್ಲದೆ ಭುಜ, ತೋಳು ಅಥವಾ ದವಡೆ ನೋಯುತ್ತ ಬೆವರು, ಎದೆ ಬಿಗಿತ, ಉಸಿರುಕಟ್ಟು ಇದ್ದರೆ ಅದನ್ನು ಭುಜದ ನೋವೆಂದು ಭಾವಿಸಬೇಡಿ. 108ಕ್ಕೆ ಕರೆ ಮಾಡಿ. ಅದು ಹೃದಯದ್ದಿರಬಹುದು.

ಕೀಲು ತಪ್ಪಿದ್ದರೆ ಎಳೆಯಬೇಡಿ

ಭುಜದ ಕೀಲು ಆಳವಾದ ಗುಂಡಿಯಲ್ಲಿ ಕೂತಿಲ್ಲ. ತಟ್ಟೆಯ ಮೇಲೆ ಚೆಂಡಿಟ್ಟ ಹಾಗಿದೆ ಅದರ ರಚನೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಅದರಿಂದಲೇ, ಜಾರುವುದೂ ಅದರಿಂದಲೇ. ನೂರಕ್ಕೆ ಸುಮಾರು ತೊಂಬತ್ತೈದು ಸಲ ಅದು ಮುಂದಕ್ಕೆ ಜಾರುತ್ತದೆ. ಕಬಡ್ಡಿ ಅಂಕಣದಲ್ಲೇ ಯಾರೋ ಕಂಕುಳಲ್ಲಿ ಕಾಲಿಟ್ಟು ಎಳೆದು ಕೂರಿಸುವುದುಂಟು. ಜೊತೆಯಲ್ಲೇ ಮೂಳೆ ಬಿರುಕು ಬಿಟ್ಟಿದ್ದರೆ ಆ ಎಳೆತಕ್ಕೆ ಅದು ಪೂರ್ತಿ ಬೇರ್ಪಡುತ್ತದೆ, ಪಕ್ಕದ ನರವೋ ರಕ್ತನಾಳವೋ ಹರಿಯಬಹುದು. ಮೊದಲು ಎಕ್ಸ್‌ರೇ, ಆಮೇಲೆ ಕೂರಿಸುವುದು, ಮತ್ತೆ ಎಕ್ಸ್‌ರೇ. ಇದೇ ಕ್ರಮ.

ನಾಟಿ ಕಟ್ಟು ಹಾಕುವವರ ಬಳಿ ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಪುತ್ತೂರು ಕಟ್ಟಿನ ಹೆಸರು ಕೇಳದವರಿಲ್ಲ. ಖರ್ಚು ಕಡಿಮೆ, ಊರಿಗೆ ಹತ್ತಿರ, ಹಿಂದಿನವರ ನಂಬಿಕೆ. ಜನ ಹೋಗುವುದು ಅರ್ಥವಾಗುತ್ತದೆ. ಆದರೆ ಮೂಳೆಯಿಂದ ಕಿತ್ತುಬಂದ ಸ್ನಾಯುರಜ್ಜು ಕಟ್ಟಿನಿಂದ ಕೂಡುವುದಿಲ್ಲ. ಬಿಗಿಯಾದ ಕಟ್ಟು ರಕ್ತ ಸಂಚಾರ ತಡೆಯಬಹುದು, ವಾರಗಟ್ಟಲೆ ಬಿಟ್ಟರೆ ಭುಜ ಮರಗಟ್ಟುತ್ತದೆ. ಈಗಾಗಲೇ ಕಟ್ಟಿಸಿದ್ದರೆ ಬೆರಳ ತುದಿ ಒತ್ತಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಹೋಗಿ.

ಮೊದಲ ಹತ್ತು ದಿನ

ಮೂಳೆ ಮುರಿದಿಲ್ಲ, ಕೀಲು ತಪ್ಪಿಲ್ಲ ಎಂದಾದರೆ ಸ್ಲಿಂಗ್ (ತೂಗುಪಟ್ಟಿ) ಮೂರರಿಂದ ಐದು ದಿನ ಸಾಕು. ಅದರಲ್ಲೂ ದಿನಕ್ಕೆ ನಾಲ್ಕೈದು ಬಾರಿ ಕೈ ಹೊರತೆಗೆದು ಮೊಣಕೈ ನೀಡಿ, ಮಡಿಸಿ, ಮುಷ್ಟಿ ಕಟ್ಟಿ ಬಿಡಿ. ನೋವೆಂದು ಮೂರು ವಾರ ಕೈ ಕಟ್ಟಿಕೊಂಡು ಕೂತರೆ ಪೆಟ್ಟಿಗಿಂತ ದೊಡ್ಡ ತೊಂದರೆ ಬಿಗಿತದ್ದಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಹೆಚ್ಚು.

ದೊಡ್ಡವರಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್ 500–650 ಮಿ.ಗ್ರಾಂ, ಆರು ಗಂಟೆಗೊಮ್ಮೆ. ದಿನಕ್ಕೆ ಒಟ್ಟು 3 ಗ್ರಾಂ ಮೀರದಿರಲಿ. ಯಕೃತ್ತಿನ ತೊಂದರೆ ಇದ್ದರೆ ಕೇಳದೆ ತೆಗೆದುಕೊಳ್ಳಬೇಡಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಹೆಚ್ಚು ಬಲದವು, ಆದರೆ ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ರಾತ್ರಿ ಚಪ್ಪಟೆಯಾಗಿ ಮಲಗಿದರೆ ತೋಳು ಹಿಂದಕ್ಕೆ ಕುಸಿದು ನೋವು ಹೆಚ್ಚುತ್ತದೆ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರೆ ಒರಗಿ. ನೋಯುವ ಕಡೆಯ ಮೊಣಕೈ ಕೆಳಗೆ ಇನ್ನೊಂದು ಸಣ್ಣ ದಿಂಬಿರಲಿ, ಮಲಗಿದಾಗ ನಿಮ್ಮ ಮೊಣಕೈ ನಿಮಗೆ ಕಾಣುವಷ್ಟು ಎತ್ತರಕ್ಕೆ. ಶರ್ಟ್ ಹಾಕುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಹಿಂದೆ ಹುಕ್ ಇರುವ ರವಿಕೆ ಸದ್ಯಕ್ಕೆ ಬೇಡ.

ಏಳರಿಂದ ಹತ್ತನೇ ದಿನ: ಮನೆಯಲ್ಲೇ ನೋಡಿಕೊಳ್ಳಬೇಕಾದ್ದು

ಮೊದಲ ವಾರ ನೋವಿಗೇ ಎಲ್ಲರ ಕೈಯೂ ಸೋತಿರುತ್ತದೆ, ಹಾಗಾಗಿ ಆಗ ಮಾಡಿದ ಪರೀಕ್ಷೆಗೆ ಬೆಲೆ ಕಡಿಮೆ. ಊತ ಇಳಿದ ಮೇಲೆ, ಮೂಳೆ ಮುರಿತವಿಲ್ಲ ಎಂದು ಎಕ್ಸ್‌ರೇಯಲ್ಲಿ ಖಚಿತವಾದವರು ಮಾತ್ರ, ಒಳ್ಳೆಯ ಕೈಯೊಂದಿಗೆ ಹೋಲಿಸುತ್ತ ಹೀಗೆ ನೋಡಿ.

ಒಂದು: ನಿಂತು ಕೈಯನ್ನು ಮುಂದಿನಿಂದ ಮೇಲೆತ್ತಿ, ಎಲ್ಲಿಗೆ ನಿಂತಿತು ಗಮನಿಸಿ. ಬಳಿಕ ಅಂಗಾತ ಮಲಗಿ, ಒಳ್ಳೆಯ ಕೈಯಿಂದ ನೋಯುವ ಕೈಯ ಮಣಿಕಟ್ಟು ಹಿಡಿದು ತಲೆಯ ಕಡೆಗೆ ಒಯ್ಯಿರಿ. ತಾನಾಗಿ ಏಳದ ಕೈ ಸಹಾಯ ಕೊಟ್ಟರೆ ಸಲೀಸಾಗಿ ಏಳುತ್ತದೆ ಎಂದರೆ ಕೀಲು ಸಡಿಲವೇ ಇದೆ, ಎತ್ತುವ ಸ್ನಾಯುರಜ್ಜು ಹರಿದಿದೆ ಅಥವಾ ನರಕ್ಕೆ ಪೆಟ್ಟಾಗಿದೆ. ಎರಡು ರೀತಿಯಲ್ಲೂ ಒಂದೇ ಜಾಗದಲ್ಲಿ ಸಿಕ್ಕಿಬಿದ್ದರೆ ಅದು ಬಿಗಿತ. ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಸ್ಟೆತಸ್ಕೋಪೂ ಬೇಡ, ಸ್ಕ್ಯಾನೂ ಬೇಡ.

ಎರಡು: ಮೊಣಕೈಯನ್ನು ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಿಸಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ಇನ್ನೊಬ್ಬರು ತಿರುಗಿಸಿ ಹಿಡಿದು ಬಿಟ್ಟಾಗ ಮುಂಗೈ ತಾನಾಗಿ ಹೊಟ್ಟೆಯ ಕಡೆ ವಾಲಿದರೆ ಹಿಂಭಾಗದ ರಜ್ಜು ಸೋತಿದೆ. ಇನ್ನೊಬ್ಬರು ತಿರುಗಿಸಿದರೂ ಹೊರಳದೆ ಗಟ್ಟಿಯಾಗಿ ನಿಂತರೆ ಕೀಲು ಹಿಂದಕ್ಕೆ ತಪ್ಪಿದೆಯೇ ಎಂಬ ಅನುಮಾನ ಮೊದಲು ಬರಬೇಕು, ಆಮೇಲೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆ).

ಮೂರು: ಅಂಗೈಯಿಂದ ಹೊಟ್ಟೆ ಒತ್ತಿ, ಮೊಣಕೈ ಮುಂದೆಯೇ ಇರಲಿ. ಒತ್ತುವಾಗ ಮೊಣಕೈ ಹಿಂದಕ್ಕೆ ಬಿದ್ದರೆ ಮುಂಭಾಗದ ರಜ್ಜಿಗೆ ಏಟಾಗಿದೆ.

ನಾಲ್ಕು: ಕತ್ತು ಹೊರಳಿಸಿದಾಗ ನೋವು ಮೊಣಕೈ ದಾಟಿ ಬೆರಳಿಗೆ ಜುಮ್ಮೆಂದು ಇಳಿದರೆ ಮೂಲ ಕತ್ತಿನಲ್ಲಿದೆ. ಭುಜಕ್ಕೆ ಎಷ್ಟು ಚಿಕಿತ್ಸೆ ಕೊಟ್ಟರೂ ವ್ಯರ್ಥ.

ಸ್ಕ್ಯಾನ್: ಯಾವುದು, ಯಾವಾಗ

ಎಕ್ಸ್‌ರೇಯನ್ನು ಎದುರಿನಿಂದ ಒಂದೇ ತೆಗೆದು ಮುಗಿಸಿದ್ದರೆ ಸಾಲದು. ಕಂಕುಳಿನ ಕಡೆಯಿಂದ ಅಥವಾ ಪಕ್ಕದಿಂದ ಇನ್ನೊಂದು ಕೇಳಿ ತೆಗೆಸಿ. ಫಿಟ್ಸ್ ಬಂದವರಲ್ಲಿ ಹಿಂದಕ್ಕೆ ತಪ್ಪಿದ ಕೀಲು ಎದುರಿನ ಎಕ್ಸ್‌ರೇಯಲ್ಲಿ ಸರಿಯಾಗಿರುವಂತೆ ಕಂಡು ವಾರಗಟ್ಟಲೆ ತಪ್ಪಿಸಿಕೊಳ್ಳುತ್ತದೆ.

ಮೊದಲ ಪರೀಕ್ಷೆಯಲ್ಲಿ ಕೈ ತಾನಾಗಿ ಏಳದಿದ್ದರೆ ಕಾಯದೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಅನುಭವಿ ರೇಡಿಯಾಲಜಿಸ್ಟ್ ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಪೂರ್ತಿ ಹರಿತ ಚೆನ್ನಾಗಿಯೇ ಕಾಣುತ್ತದೆ, ಖರ್ಚೂ ಕಡಿಮೆ. ಆಪರೇಷನ್ ಮಾತು ಬಂದರೆ ಎಂಆರ್‌ಐ ಬೇಕಾಗುತ್ತದೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ವರದಿಯ ಪದಗಳಲ್ಲಿ ಜನ ಹೆಚ್ಚು ಹೆದರುವುದು 'ಫುಲ್ ಥಿಕ್‌ನೆಸ್ ಟೇರ್' ಎಂಬುದಕ್ಕೆ. ಇಡೀ ರಜ್ಜು ತುಂಡಾಗಿದೆ ಎಂದು ತಿಳಿಯುತ್ತಾರೆ. ರಜ್ಜನ್ನು ಕಂಬಳಿ ಎಂದುಕೊಂಡರೆ, ಅದರಲ್ಲಿ ಆರಪಾರ ತೂತು ಬಿದ್ದಿದೆ ಎಂದಷ್ಟೇ ಅದರರ್ಥ. ತೂತು ಸಣ್ಣದಿರಬಹುದು, ದೊಡ್ಡದಿರಬಹುದು. 'ಪಾರ್ಷಿಯಲ್' ಎಂದರೆ ಕಂಬಳಿಯ ದಪ್ಪದಲ್ಲಿ ಒಂದು ಪದರ ಸವೆದಿದೆ. 'ರಿಟ್ರಾಕ್ಷನ್' ಎಂದರೆ ಕಿತ್ತ ತುದಿ ಎಷ್ಟು ಹಿಂದೆ ಸರಿದಿದೆ ಎಂಬ ಅಳತೆ. 'ಫ್ಯಾಟಿ ಇನ್‌ಫಿಲ್ಟ್ರೇಷನ್' ಎಂದರೆ ಕೆಲಸವಿಲ್ಲದ ಸ್ನಾಯುವಿನಲ್ಲಿ ಕೊಬ್ಬು ತುಂಬಿದೆ. ಈ ಕೊನೆಯ ಎರಡು ಪದಗಳ ಮೇಲೆ ಬೆರಳಿಟ್ಟು ವೈದ್ಯರನ್ನು ಕೇಳಿ. ಹೊಲಿದರೆ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅವುಗಳಿಂದಲೇ ತಿಳಿಯುತ್ತದೆ.

ರೊಟೇಟರ್ ಕಫ್ ಹರಿದಿದ್ದರೆ

ಚೆಂಡನ್ನು ತಟ್ಟೆಗೆ ಒತ್ತಿ ಹಿಡಿಯುವ ನಾಲ್ಕು ಸ್ನಾಯುಗಳ ರಜ್ಜುಗಳೇ ರೊಟೇಟರ್ ಕಫ್. ಇಲ್ಲಿ ದಾರಿ ಎರಡಾಗುತ್ತದೆ.

ನಿನ್ನೆಯವರೆಗೆ ಚೆನ್ನಾಗಿದ್ದ ಭುಜ, ಬಿದ್ದ ದಿನದಿಂದ ಕೈ ಏಳುತ್ತಿಲ್ಲ, ಸ್ಕ್ಯಾನ್‌ನಲ್ಲಿ ಫುಲ್ ಥಿಕ್‌ನೆಸ್ ಹರಿತ, ದುಡಿಯುವ ವಯಸ್ಸು: ಹೀಗಿದ್ದರೆ ಎರಡು ಮೂರು ವಾರದೊಳಗೆ ಭುಜದ ಸರ್ಜನ್‌ರನ್ನು ಕಾಣಿ. ಹೊಲಿಯುವುದಾದರೆ ಪೆಟ್ಟಾದ ಮೂರು ತಿಂಗಳೊಳಗೆ ಆಗುವುದು ಒಳ್ಳೆಯದು. ತಡವಾದಷ್ಟೂ ತುದಿ ಹಿಂದೆ ಸರಿಯುತ್ತದೆ, ಸ್ನಾಯು ಕೊಬ್ಬಾಗುತ್ತದೆ. ಹಾಗಾದ ಕೊಬ್ಬು ಆಮೇಲೆ ಹೊಲಿದರೂ ಮತ್ತೆ ಸ್ನಾಯುವಾಗುವುದು ಕಷ್ಟ. "ಆರು ತಿಂಗಳು ಫಿಸಿಯೋಥೆರಪಿ ಮಾಡಿ ನೋಡೋಣ" ಎಂಬ ಸಲಹೆ ಈ ಒಂದು ಸಂದರ್ಭಕ್ಕೆ ಹೊಂದುವುದಿಲ್ಲ. ನಲವತ್ತು ದಾಟಿದವರಲ್ಲಿ ತಪ್ಪಿದ ಕೀಲನ್ನು ಕೂರಿಸಿದ ಮೇಲೂ ಎರಡು ವಾರದಲ್ಲಿ ಕೈ ಏಳದಿದ್ದರೆ ಇದೇ ಲೆಕ್ಕ. ಅವರಲ್ಲಿ ಕೀಲಿನ ಜೊತೆ ರಜ್ಜೂ ಹರಿಯುವುದು ಸಾಮಾನ್ಯ.

ಪೆಟ್ಟಿಲ್ಲದೆ ನಿಧಾನವಾಗಿ ಬಂದ ನೋವು, ಕೈ ನೋಯುತ್ತಲೇ ಆದರೂ ಏಳುತ್ತದೆ ಎಂದರೆ ಅವಸರವಿಲ್ಲ. ಹನ್ನೆರಡು ವಾರ ಸರಿಯಾದ ವ್ಯಾಯಾಮ ಮೊದಲು. ಅಮೆರಿಕದ ಮೂನ್ ಎಂಬ ವೈದ್ಯರ ಗುಂಪು ಪೆಟ್ಟಿಲ್ಲದೆ ಬಂದ ಫುಲ್ ಥಿಕ್‌ನೆಸ್ ಹರಿತಗಳಿಗೆ ವ್ಯಾಯಾಮ ಮಾಡಿಸಿ ಎರಡು ವರ್ಷ ನೋಡಿದಾಗ, ಆಪರೇಷನ್‌ಗೆ ಹೋದವರು ನಾಲ್ಕರಲ್ಲಿ ಒಬ್ಬರಿಗಿಂತಲೂ ಕಡಿಮೆ. ಹರಿತ ಕೂಡಿಕೊಂಡಿತೆಂದು ಇದರರ್ಥವಲ್ಲ, ಉಳಿದ ಸ್ನಾಯುಗಳು ಕೆಲಸ ಹಂಚಿಕೊಂಡವು. ತೂತು ಮುಂದೆ ದೊಡ್ಡದಾಗಲೂಬಹುದು, ಆದ್ದರಿಂದ ನೋವು ಅಥವಾ ಸೋಲು ಹೆಚ್ಚಿದರೆ ಮತ್ತೆ ತೋರಿಸಬೇಕು.

'ಇಂಪಿಂಜ್‌ಮೆಂಟ್' (ಮೇಲಿನ ಮೂಳೆಗೆ ರಜ್ಜು ಉಜ್ಜುತ್ತಿದೆ) ಎಂದು ಹೇಳಿ ಮೂಳೆಯ ಮುಂಚಾಚನ್ನು ಮಾತ್ರ ಕೆತ್ತುವ ಕೀಹೋಲ್ (ಸಣ್ಣ ತೂತಿನ ಮೂಲಕ ಮಾಡುವ) ಆಪರೇಷನ್ ಸೂಚಿಸಿದರೆ ಕೂಡಲೇ ಒಪ್ಪಬೇಡಿ. ಬ್ರಿಟನ್‌ನಲ್ಲಿ 2018ರಲ್ಲಿ ಪ್ರಕಟವಾದ ಸಿಸಾ ಅಧ್ಯಯನದಲ್ಲಿ ಕೆಲವರಿಗೆ ಮೂಳೆ ಕೆತ್ತಿದರು, ಕೆಲವರಿಗೆ ಕ್ಯಾಮೆರಾ ಮಾತ್ರ ತೂರಿಸಿ ಹೊರತೆಗೆದರು. ಇಬ್ಬರ ಗುಣದಲ್ಲಿ ರೋಗಿಗೆ ತಿಳಿಯುವಂಥ ವ್ಯತ್ಯಾಸ ಸಿಗಲಿಲ್ಲ.

ಉಳಿದ ಪೆಟ್ಟುಗಳು

ಕೊರಳೆಲುಬು ಮುರಿದರೆ ಹೆಚ್ಚಿನವು ಸ್ಲಿಂಗ್‌ನಲ್ಲೇ ಕೂಡುತ್ತವೆ. ತುಂಡುಗಳು ಪೂರ್ತಿ ಬೇರ್ಪಟ್ಟು ಸುಮಾರು 2 ಸೆಂ.ಮೀ. ಒಂದರ ಮೇಲೊಂದು ಏರಿ ಕೂತಿದ್ದರೆ ಲೋಹದ ಪ್ಲೇಟ್ ಹಾಕುವ ಮಾತು ಬರುತ್ತದೆ. ಕೊರಳೆಲುಬಿನ ಹೊರತುದಿ ಎದ್ದು ಉಬ್ಬಿನಂತೆ ಕಂಡರೆ ಅಲ್ಲಿಯ ಸಣ್ಣ ಕೀಲು ಬಿಟ್ಟಿದೆ. ಪೆಟ್ಟಿನ ತೀವ್ರತೆಯ ಒಂದು ಮತ್ತು ಎರಡನೇ ದರ್ಜೆಗೆ ಸ್ಲಿಂಗ್, ವ್ಯಾಯಾಮ ಸಾಕು. ಮೂರನೆಯದಕ್ಕೂ ಹೆಚ್ಚಿನವರಿಗೆ ಆಪರೇಷನ್ ಬೇಕಾಗದು, ಉಬ್ಬು ಉಳಿಯುತ್ತದೆ, ಕೈ ಕೆಲಸ ಮಾಡುತ್ತದೆ.

ವಯಸ್ಸಾದವರ ತೋಳೆಲುಬಿನ ಕುತ್ತಿಗೆ (ಭುಜದ ಚೆಂಡಿನ ಕೆಳಗಿನ ಭಾಗ) ಮುರಿತದಲ್ಲಿ ಮನೆಯವರು "ಪ್ಲೇಟ್ ಹಾಕಿಸದಿದ್ದರೆ ಕೈ ಹೋಗುತ್ತದೆ" ಎಂದು ಹೆದರುತ್ತಾರೆ. 2015ರ ಪ್ರೊಫರ್ ಅಧ್ಯಯನದಲ್ಲಿ ಸರಿದು ಕೂತ ಇಂಥ ಮುರಿತಗಳಿಗೆ ಸ್ಲಿಂಗ್ ಹಾಕಿದವರೂ ಆಪರೇಷನ್ ಆದವರೂ ಎರಡು ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿದ್ದರು. ಕೀಲೂ ತಪ್ಪಿದ್ದರೆ ಮಾತ್ರ ಲೆಕ್ಕ ಬೇರೆ.

ಇಪ್ಪತ್ತೈದರ ಒಳಗಿನವರ ಭುಜ ಒಮ್ಮೆ ತಪ್ಪಿದರೆ ಮತ್ತೆ ತಪ್ಪುವ ಸಂಭವ ಬಹಳ. ಕಬಡ್ಡಿ, ವಾಲಿಬಾಲ್ ಬಿಡಲಾರೆ ಎನ್ನುವವರು ಎರಡನೇ ಸಲ ತಪ್ಪುವವರೆಗೆ ಕಾಯದೆ ಸರ್ಜನ್ ಜೊತೆ ಮಾತಾಡುವುದು ಮೇಲು. ಪ್ರತಿ ಸಲ ತಪ್ಪಿದಾಗಲೂ ತಟ್ಟೆಯ ಅಂಚು ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಫ್ರೋಜನ್ ಶೋಲ್ಡರ್ ನಲವತ್ತರಿಂದ ಅರವತ್ತರ ವಯಸ್ಸಿನವರನ್ನು, ಅದರಲ್ಲೂ ಸಕ್ಕರೆ ಕಾಯಿಲೆಯವರನ್ನು ಹುಡುಕಿಕೊಂಡು ಬರುತ್ತದೆ. ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿ. ಒಂದರಿಂದ ಮೂರು ವರ್ಷ ಎಳೆಯಬಹುದು. 2020ರ ಯುಕೆ ಫ್ರಾಸ್ಟ್ ಅಧ್ಯಯನವು ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ಕೀಹೋಲ್ ಆಪರೇಷನ್, ಇಂಜೆಕ್ಷನ್ ಜೊತೆ ಫಿಸಿಯೋಥೆರಪಿ, ಮೂರನ್ನೂ ಹೋಲಿಸಿತು. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಮೇಲಾಗಲಿಲ್ಲ. ಹಾಗಿರುವಾಗ ಅಪಾಯ ಕಡಿಮೆಯಿರುವುದರಿಂದ ಶುರು ಮಾಡುವುದೇ ಸರಿ.

ಇಂಜೆಕ್ಷನ್

ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಕೆಲವು ವಾರ ಇಳಿಸಿ ವ್ಯಾಯಾಮಕ್ಕೆ ದಾರಿ ಮಾಡುತ್ತದೆ. ಫ್ರೋಜನ್ ಶೋಲ್ಡರ್‌ನ ಮೊದಲ, ನೋವಿನ ಹಂತದಲ್ಲಿ ಅದರ ಬೆಲೆ ಹೆಚ್ಚು. ಹೊಲಿಯಬೇಕಾದ ಹೊಸ ಹರಿತಕ್ಕೆ ಬೇಡ. ಒಂದೇ ಭುಜಕ್ಕೆ ಮೂರು ತಿಂಗಳ ಅಂತರವಿಲ್ಲದೆ ಮತ್ತೊಂದು ಬೇಡ. ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಂಡ ಬಳಿಕ ಒಂದು ವಾರ ದಿನಕ್ಕೆರಡು ಸಲ ಸಕ್ಕರೆ ನೋಡಿಕೊಳ್ಳಿ, ಅದು ಏರುವುದು ನಿರೀಕ್ಷಿತ. ಮುಂದೆ ಆಪರೇಷನ್ ಆಗುವುದಿದ್ದರೆ ಚುಚ್ಚಿದ ತಾರೀಕು ಸರ್ಜನ್‌ಗೆ ಹೇಳಲೇಬೇಕು. ತೀರ ಹತ್ತಿರವಿದ್ದರೆ ಸೋಂಕಿನ ಅಪಾಯ ಹೆಚ್ಚು.

ಹನ್ನೆರಡು ವಾರದ ವ್ಯಾಯಾಮ

ಇದು ಮುರಿತ ಇಲ್ಲದವರಿಗೆ, ಆಪರೇಷನ್ ಆಗದವರಿಗೆ.

ಮೊದಲ ಮೂರು ವಾರ ಚಲನೆ. ಮೇಜಿಗೆ ಒಳ್ಳೆಯ ಕೈ ಊರಿ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ತೂಗಿ, 30 ಸೆಕೆಂಡ್, ಮೂರು ಸಲ. ಮೇಜಿನ ಮೇಲೆ ಟವೆಲ್ ಹಾಸಿ ಅಂಗೈ ಇಟ್ಟು ಮುಂದಕ್ಕೆ ಜಾರಿಸಿ, 5 ಸೆಕೆಂಡ್ ನಿಲ್ಲಿಸಿ, 10 ಸಲ. ಅಂಗಾತ ಮಲಗಿ ಎರಡು ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳಿ, 10 ಸೆಕೆಂಡ್, 10 ಸಲ. ಇಷ್ಟನ್ನೂ ದಿನಕ್ಕೆ ಎರಡು ಮೂರು ಬಾರಿ.

ಮೂರರಿಂದ ಆರನೇ ವಾರ ಇದರ ಜೊತೆಗೆ ಗೋಡೆಗೆ ಮಡಚಿದ ಟವೆಲ್ ಇಟ್ಟು ಮುಷ್ಟಿಯಿಂದ ಮುಂದೆ, ಹೊರಗೆ, ಒಳಗೆ ಒತ್ತುವುದು. ಕೈ ಕದಲಬಾರದು, ಬಲದ ಮೂರನೇ ಒಂದು ಭಾಗ ಸಾಕು, 5 ಸೆಕೆಂಡ್, 10 ಸಲ. ಆರನೇ ವಾರದಿಂದ ರಬ್ಬರ್ ಬ್ಯಾಂಡ್: ಪಕ್ಕೆ ಮತ್ತು ಮೊಣಕೈ ನಡುವೆ ಟವೆಲ್ ಸುರುಳಿ ಸಿಕ್ಕಿಸಿ ಮುಂಗೈಯನ್ನು ಹೊರಕ್ಕೆ, ಒಳಕ್ಕೆ ಎಳೆಯುವುದು, 10–15ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಟವೆಲ್ ಬಿದ್ದರೆ ಭಂಗಿ ತಪ್ಪಿದೆ.

ನೋವು ಹತ್ತಕ್ಕೆ ಮೂರು ನಾಲ್ಕರೊಳಗಿದ್ದು ಮರುದಿನಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ಸಂಖ್ಯೆ ಅರ್ಧ ಮಾಡಿ. ಹೆಚ್ಚು ಕೆಡುವುದು ಒಂದೇ ಕಡೆ: ಕೈ ಎತ್ತುವಾಗ ಹೆಗಲು ಕಿವಿಯತ್ತ ಜಿಗಿಯುತ್ತದೆ. ಕನ್ನಡಿ ಮುಂದೆ ಮಾಡಿ, ಹೆಗಲು ಜಿಗಿಯುವ ಜಾಗಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಫಿಸಿಯೋಥೆರಪಿ ಕೇಂದ್ರದಲ್ಲಿ ಹತ್ತು ದಿನವೂ ಬರೀ ಐಎಫ್‌ಟಿ (ಸಣ್ಣ ಕರೆಂಟ್ ಹರಿಸುವ) ಮೆಷಿನ್ ಹಚ್ಚಿ ಕಳಿಸಿದರೆ, ವ್ಯಾಯಾಮ ಕಲಿಸದಿದ್ದರೆ, ಬೇರೆ ಕಡೆ ಹೋಗಿ.

ಆಪರೇಷನ್‌ಗೆ ಒಪ್ಪುವ ಮೊದಲು

ಹರಿತದ ಅಳತೆ ಎಷ್ಟು, ತುದಿ ಎಷ್ಟು ಸರಿದಿದೆ, ಹೊಲಿದರೆ ನಿಲ್ಲುವ ಭರವಸೆ ಎಷ್ಟು, ಮಾಡಿಸದಿದ್ದರೆ ಏನಾಗುತ್ತದೆ, ಎಷ್ಟು ಆಂಕರ್ ಬೇಕು, ಇಷ್ಟನ್ನು ಬರೆದುಕೊಂಡು ಹೋಗಿ ಕೇಳಿ. ಆಂಕರ್ ಎಂದರೆ ರಜ್ಜನ್ನು ಮೂಳೆಗೆ ಹಿಡಿಸುವ ಸಣ್ಣ ಸ್ಕ್ರೂ. ಒಂದೊಂದಕ್ಕೂ ಬೇರೆ ಬೆಲೆ, ಬಿಲ್ಲಿನಲ್ಲಿ ದೊಡ್ಡ ಪಾಲು ಅದರದೇ. ಇನ್ಶೂರೆನ್ಸ್ ಇದ್ದರೆ ಅದನ್ನು ಸೇರಿಸಿ ಮುಂಗಡ ಒಪ್ಪಿಗೆ ಪಡೆಯಿರಿ. ಆಯುಷ್ಮಾನ್ ಕಾರ್ಡ್ ಇರುವವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಕೇಳಿ. ಬೆಂಗಳೂರಿನಲ್ಲಿ ಮೂಳೆ, ಕೀಲಿಗೇ ಮೀಸಲಾದ ಸಂಜಯ ಗಾಂಧಿ ಸಂಸ್ಥೆ ಇದೆ. ಇನ್ನೊಬ್ಬ ಸರ್ಜನ್‌ರ ಅಭಿಪ್ರಾಯ ಕೇಳಲು ಹೊಸ ಹರಿತದಲ್ಲೂ ಒಂದೆರಡು ವಾರ ಇದ್ದೇ ಇರುತ್ತದೆ.

ಬೀಡಿ, ಸಿಗರೇಟು ಬಿಡಬೇಕು, ಅದು ರಜ್ಜು ಕೂಡುವುದನ್ನೇ ಕೆಡಿಸುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹಿಡಿತದಲ್ಲಿರಬೇಕು. ಆಪರೇಷನ್ ವೇಳೆ ನರಕ್ಕೆ ಕೊಟ್ಟ ಬ್ಲಾಕ್‌ನಿಂದ (ಮರಗಟ್ಟಿಸುವ ಚುಚ್ಚುಮದ್ದು) ಕೈ 12–24 ಗಂಟೆ ಮರಗಟ್ಟಿರುತ್ತದೆ. "ನೋವೇ ಇಲ್ಲ" ಎಂದು ಮಾತ್ರೆ ಬಿಟ್ಟವರು ಮಧ್ಯರಾತ್ರಿ ಒದ್ದಾಡುತ್ತಾರೆ. ಮರಗಟ್ಟು ಬಿಡುವ ಮೊದಲೇ ಶುರು ಮಾಡಿ.

ಆಮೇಲೆ ಸ್ಲಿಂಗ್ ನಾಲ್ಕರಿಂದ ಆರು ವಾರ, ರಾತ್ರಿಯೂ. ಈ ಅವಧಿಯಲ್ಲಿ ಕೈಯನ್ನು ಸ್ವಂತ ಬಲದಿಂದ ಎತ್ತಬಾರದು, ಒಂದು ಲೋಟ ನೀರಿಗೂ. ಆರು ವಾರದ ನಂತರ ಸ್ವಂತ ಬಲದ ಚಲನೆ, ಹನ್ನೆರಡು ವಾರದ ನಂತರ ಬ್ಯಾಂಡ್. ಹೊಲಿಗೆ ಕಿತ್ತುಬರುವುದು ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ, ಅದೂ ನೋವು ಇಳಿದು ಧೈರ್ಯ ಬಂದಾಗ: ಬಾವಿ ಹಗ್ಗಕ್ಕೆ ಕೈ ಹಾಕಿದಾಗ, ಕುಕ್ಕರನ್ನು ಒಂದೇ ಕೈಯಲ್ಲಿ ಇಳಿಸಿದಾಗ, ಜಾರಿದ ಮಗುವನ್ನು ಹಿಡಿಯಲು ಹೋದಾಗ. ಭಾರದ ಕೆಲಸಕ್ಕೆ ಆರು ತಿಂಗಳು ಬೇಕು. ಸ್ಕೂಟರ್ ಸುಮಾರು ಮೂರು ತಿಂಗಳಿಗೆ, ಅದೂ ನಿಂತ ಗಾಡಿಯ ಹ್ಯಾಂಡಲ್‌ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಜೋರಾಗಿ ಒತ್ತಿ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ನೋವಿಲ್ಲದಿದ್ದರೆ ಮಾತ್ರ.